ಒಳ್ಳೆಯ ಕೆಲಸಕ್ಕಾಗಿ ದೂರದ ಬೈಕ್ ಸವಾರಿ: ದಾರಿ, ತಂಡ ಮತ್ತು ಹಣದ ಆಯ್ಕೆಗಳು

ಗುಂಪಾಗಿ ಬೈಕ್ ಓಡಿಸಿ ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸೋಣವೆಂದು ಸೇರಿದ ಗೆಳೆಯರ ಸಭೆಯಲ್ಲಿ ಮೊದಲು ತೀರ್ಮಾನವಾಗುವುದು ಸಾಮಾನ್ಯವಾಗಿ ಊರು. ಒಬ್ಬರು ಲಡಾಖ್ ಎನ್ನುತ್ತಾರೆ, ಇನ್ನೊಬ್ಬರು ಕನ್ಯಾಕುಮಾರಿ ಎನ್ನುತ್ತಾರೆ, ಹಣ ಯಾರಿಗೆ ಹೋಗಬೇಕು ಎಂಬ ಮಾತು ಚಹಾ ಮುಗಿದ ಮೇಲೆ ಬರುತ್ತದೆ. ಬೆಂಗಳೂರಿನಿಂದ ಇಂಥ ಸವಾರಿಗಳನ್ನು ಕೆಲವು ವರ್ಷಗಳಿಂದ ಸಂಘಟಿಸುತ್ತ ಬಂದಿರುವ ನಾನು ಈ ಕ್ರಮವನ್ನು ತಿರುಗಿಸಿ ಹಾಕಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಮೊದಲು ಯಾರಿಗಾಗಿ ಎಂದು ನಿಶ್ಚಯಿಸಿ, ಆಮೇಲೆ ಅವರ ಬಾಗಿಲಿಗೆ ಹೋಗುವ ದಾರಿಯನ್ನು ಹುಡುಕಿದರೆ, ಎಷ್ಟು ದಿನ, ಎಷ್ಟು ಜನ, ಯಾವ ಬೈಕ್ ಎಂಬ ಪ್ರಶ್ನೆಗಳಿಗೆ ಉತ್ತರ ಬಹುಪಾಲು ತಾನಾಗಿಯೇ ಸಿಗುತ್ತದೆ. ಮುಂದಿನ ಹೋಲಿಕೆಗಳನ್ನೆಲ್ಲ ಮಾಡಿರುವುದು ಈ ದೃಷ್ಟಿಯಿಂದಲೇ. ಉದಾಹರಣೆಗೆ, ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಪ್ರೌಢಶಾಲೆಗೆ ಗ್ರಂಥಾಲಯ ಮಾಡಿಕೊಡುವುದು ಉದ್ದೇಶವೆಂದೂ, ಹದಿನೈದರಿಂದ ಇಪ್ಪತ್ತು ಸವಾರರು ಬೆಂಗಳೂರಿನಿಂದ ಹೊರಡುತ್ತಾರೆಂದೂ ಇಟ್ಟುಕೊಳ್ಳೋಣ.

ಒಂದು ದಿನದ ಸವಾರಿಯೋ, ದೂರದ ಸವಾರಿಯೋ

ಹಣ ಸಂಗ್ರಹವೊಂದೇ ಗುರಿಯಾಗಿದ್ದರೆ ದೂರ ಹೋಗುವ ಅಗತ್ಯವೇ ಇಲ್ಲ. 2012ರಲ್ಲಿ ಸಿಡ್ನಿಯಲ್ಲಿ ಮಾರ್ಕ್ ಹವ್ವಾ ಆರಂಭಿಸಿದ ಡಿಸ್ಟಿಂಗ್ವಿಶ್ಡ್ ಜೆಂಟಲ್‌ಮನ್ಸ್ ರೈಡ್ ಇದಕ್ಕೆ ಒಳ್ಳೆಯ ನಿದರ್ಶನ. ಸವಾರರು ಸೂಟು ಧರಿಸಿ, ಹಳೆಯ ಶೈಲಿಯ ಬೈಕ್‌ಗಳಲ್ಲಿ, ಒಂದೇ ದಿನ, ತಮ್ಮ ತಮ್ಮ ನಗರದೊಳಗೆ ಸುತ್ತುತ್ತಾರೆ. ಪ್ರತಿಯೊಬ್ಬರೂ ತಮ್ಮ ಪರಿಚಿತರಿಂದ ಕೂಡಿಸುವ ಹಣ ಪುರುಷರ ಆರೋಗ್ಯಕ್ಕೆ, ಮುಖ್ಯವಾಗಿ ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆ ಮತ್ತು ಮಾನಸಿಕ ಆರೋಗ್ಯಕ್ಕೆ ಹೋಗುತ್ತದೆ. ವಸತಿಯಿಲ್ಲ, ನೆರವಿಗೆಂದು ಹಿಂದೆ ಬರುವ ಬ್ಯಾಕಪ್ ವಾಹನವಿಲ್ಲ, ರಜೆ ಹಾಕಬೇಕಾಗಿಲ್ಲ. ಕೂಡಿದ ಹಣದಲ್ಲಿ ಸೋರಿಕೆಗೆ ಎಡೆ ತೀರ ಕಡಿಮೆ.

ದೂರದ ಸವಾರಿಗೆ ಕಾರಣವಿರುವುದು ಎರಡು ಸಂದರ್ಭಗಳಲ್ಲಿ. ಸಹಾಯ ಪಡೆಯುವವರು ದೂರದಲ್ಲಿದ್ದು, ಅವರನ್ನು ಕಣ್ಣಾರೆ ಕಂಡು ಬರಬೇಕೆಂಬ ಇಚ್ಛೆ ತಂಡಕ್ಕಿದ್ದರೆ ಅದು ಮೊದಲನೆಯದು. ವಾರಗಟ್ಟಲೆ ನಡೆಯುವ ಪಯಣದ ಸುದ್ದಿಯಿಂದಾಗಿ ಕೊಡುವವರ ಆಸಕ್ತಿ ಉಳಿಯುತ್ತದೆ ಎಂಬ ನಂಬಿಕೆ ಇದ್ದರೆ ಅದು ಎರಡನೆಯದು. ಎರಡೂ ಇಲ್ಲದಿದ್ದರೆ ಒಂದು ದಿನದ ಸವಾರಿಯನ್ನೇ ಆರಿಸಿಕೊಳ್ಳುವುದು ಪ್ರಾಮಾಣಿಕ ನಿರ್ಧಾರವಾದೀತು.

ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾವಿರ ಮೈಲಿ, ಅಂದರೆ ಸುಮಾರು 1,610 ಕಿ.ಮೀ. ಓಡಿಸುವ ಸ್ಯಾಡಲ್‌ಸೋರ್ ಬಗೆಯ ಸವಾಲನ್ನು ದೇಣಿಗೆಗೆ ಜೋಡಿಸುವ ಆಲೋಚನೆಯೂ ಆಗಾಗ ಬರುತ್ತದೆ. ಅನುಭವಸ್ಥರು ಒಬ್ಬೊಬ್ಬರಾಗಿ, ತಮ್ಮ ಹೊಣೆಯಲ್ಲಿ ಮಾಡುವ ಕೆಲಸವದು. ಮಕ್ಕಳ ಪುಸ್ತಕಕ್ಕೆಂದು ಹೊರಟವರು ನಿದ್ದೆಗೆಟ್ಟು ಹೆದ್ದಾರಿಯಲ್ಲಿರುವುದನ್ನು ನಾನು ಒಪ್ಪಲಾರೆ.

ನಾಲ್ಕು ದಾರಿಗಳು

ಲಡಾಖ್‌ನ ಹೆಸರಿಗೆ ದೊಡ್ಡ ಸೆಳೆತವಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಬೆಂಗಳೂರಿನಿಂದ ದೆಹಲಿ, ಮನಾಲಿ ಮಾರ್ಗವಾಗಿ ಲೇಹ್‌ಗೆ ಒಂದು ಬದಿಗೆ ಸುಮಾರು 3,100 ಕಿ.ಮೀ. ಆಗುತ್ತದೆ. ಅಲ್ಲಿನ ಸುತ್ತಾಟವನ್ನೂ ಸೇರಿಸಿ ಒಟ್ಟು 7,500 ಕಿ.ಮೀ. ಎಂದು ಲೆಕ್ಕ ಹಿಡಿದು, ಬೈಕ್ ಲೀಟರಿಗೆ 35 ಕಿ.ಮೀ. ಓಡುತ್ತದೆ ಎಂದೂ ಪೆಟ್ರೋಲ್‌ಗೆ 100 ರೂಪಾಯಿ ಎಂದೂ ಇಟ್ಟುಕೊಂಡರೆ, ಒಬ್ಬ ಸವಾರನ ಇಂಧನಕ್ಕೇ 21,000 ರೂಪಾಯಿ ದಾಟುತ್ತದೆ. ವಸತಿ, ಊಟ, ಟೈರು, ಸರ್ವಿಸ್ ಬೇರೆ. ಮೂರು ವಾರಗಳ ರಜೆ ಎಲ್ಲರಿಗೂ ಒಟ್ಟಿಗೆ ಸಿಗುವುದು ಕಷ್ಟ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಎರಡು ದಿನ ಸುಮ್ಮನೆ ವಿಶ್ರಮಿಸಿ ದೇಹವನ್ನು ಒಗ್ಗಿಸಿಕೊಳ್ಳಬೇಕಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ತೆರೆದ, 9.02 ಕಿ.ಮೀ. ಉದ್ದದ ಅಟಲ್ ಸುರಂಗದಿಂದ ರೋಹ್ತಾಂಗ್ ಕಣಿವೆಮಾರ್ಗದ ತೊಂದರೆ ತಪ್ಪಿದೆಯಾದರೂ ಮುಂದಿನ ಕಣಿವೆಮಾರ್ಗಗಳು ಹಾಗೆಯೇ ಇವೆ. ಕೇಲಾಂಗ್‌ಗೆ ಮೊದಲು ಸಿಗುವ ತಾಂಡಿಯ ಪೆಟ್ರೋಲ್ ಬಂಕ್‌ನ ಮುಂದೆ, ಮುಂದಿನ ಬಂಕ್ 365 ಕಿ.ಮೀ. ದೂರದಲ್ಲಿದೆ ಎಂದು ಸಾರುವ ಫಲಕ ಸವಾರರಲ್ಲಿ ಹೆಸರುವಾಸಿಯಾಗಿದೆ. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ. ಮನಾಲಿಯಲ್ಲೋ ದೆಹಲಿಯಲ್ಲೋ ಬಾಡಿಗೆಗೆ ಪಡೆದ ಬೈಕ್‌ನಲ್ಲಿ ಲೇಹ್‌ನ ಆಸುಪಾಸು ಸುತ್ತಲು ಸ್ಥಳೀಯ ಬಾಡಿಗೆದಾರರು ಬಿಡುವುದಿಲ್ಲವಾದ್ದರಿಂದ ಆ ದಾರಿಯೂ ಸುಲಭವಲ್ಲ. ಉದ್ದೇಶವೇ ಲಡಾಖ್‌ನ ಒಂದು ಶಾಲೆಯೋ ಆಸ್ಪತ್ರೆಯೋ ಆಗಿದ್ದರೆ ಇಷ್ಟನ್ನೂ ಸಹಿಸಬಹುದು. ಕಲಬುರಗಿಯ ಮಕ್ಕಳಿಗಾಗಿ ಹಣ ಕೂಡಿಸುತ್ತ ಲೇಹ್ ಬಳಿಯ ಖಾರ್ದುಂಗ್ ಲಾ ಕಣಿವೆಮಾರ್ಗದಲ್ಲಿ ಬ್ಯಾನರ್ ಹಿಡಿದು ನಿಲ್ಲುವುದಕ್ಕೆ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ.

ಕನ್ಯಾಕುಮಾರಿ ಮೊದಲ ಬಾರಿಗೆ ಗುಂಪು ಕಟ್ಟುವವರಿಗೆ ಒಳ್ಳೆಯದು. ಹೊಸೂರು, ಕೃಷ್ಣಗಿರಿ, ಸೇಲಂ, ದಿಂಡಿಗಲ್, ಮದುರೈ, ತಿರುನೆಲ್ವೇಲಿ ಹಾದು ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸುಮಾರು 670 ಕಿ.ಮೀ. ಅಗಲವಾದ ವಿಭಜಿತ ರಸ್ತೆ ಇರುವುದರಿಂದ ಎದುರಿನಿಂದ ಬರುವ ವಾಹನದ ಭಯ ಕಡಿಮೆ. ಎಚ್ಚರ ಬೇಕಾಗುವುದು ಕೊನೆಯ ಹಂತದಲ್ಲಿ: ಆರಲ್ವಾಯ್‌ಮೊಳಿ, ಮುಪ್ಪಂದಲ್ ಬಳಿಯ ಗಾಳಿಯಂತ್ರಗಳ ನಡುವೆ, ನೈಋತ್ಯ ಮಾರುತದ ತಿಂಗಳುಗಳಲ್ಲಿ ಅಡ್ಡಗಾಳಿ ಹಗುರವಾದ ಬೈಕನ್ನು ಪಕ್ಕಕ್ಕೆ ತಳ್ಳುವಷ್ಟು ಬಲವಾಗಿ ಬೀಸುತ್ತದೆ.

ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66, ಕಾರವಾರದಿಂದ ಮಂಗಳೂರಿನವರೆಗೆ, ಕಣ್ಣಿಗೆ ಹಬ್ಬ. ಡಿಸೆಂಬರ್, ಜನವರಿಗಳಲ್ಲಿ ಹೋಗಿ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯ ಮೇಲೆ ಜೀವಗಳು ಹೋದದ್ದನ್ನು ನಾವಾರೂ ಮರೆಯಬಾರದು. ಶಿರಾಡಿ ಘಾಟಿಯೂ ಮಳೆಗಾಲದಲ್ಲಿ ಯಾವ ದಿನ ಮುಚ್ಚುತ್ತದೆಂದು ಹೇಳಲಾಗದು.

ನಾಲ್ಕನೆಯದು ಬೀದರ್. ನಮ್ಮ ಉದಾಹರಣೆಗೆ ನಾನು ಆರಿಸುವುದು ಇದನ್ನೇ. ಮೊದಲ ದಿನ ತುಮಕೂರು, ಚಿತ್ರದುರ್ಗದ ಮೂಲಕ ಹೊಸಪೇಟೆಗೆ ಸುಮಾರು 340 ಕಿ.ಮೀ.; ಎರಡನೆಯ ದಿನ ಕುಷ್ಟಗಿ, ಹುನಗುಂದ ದಾಟಿ ವಿಜಯಪುರಕ್ಕೆ 200 ಕಿ.ಮೀ.; ಮೂರನೆಯ ದಿನ ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್ ಹಾದು ಬೀದರ್‌ಗೆ 275 ಕಿ.ಮೀ. ಚಿತ್ರದುರ್ಗದಿಂದ ಮುಂದೆ ಬಹುತೇಕ ರಾಷ್ಟ್ರೀಯ ಹೆದ್ದಾರಿ 50ರಲ್ಲೇ ಸಾಗಬಹುದು. ಎರಡನೆಯ ದಿನವನ್ನು ಬೇಕೆಂದೇ ಚಿಕ್ಕದಾಗಿಸಿದ್ದೇನೆ, ಏಕೆಂದರೆ ಮೊದಲ ದಿನದ ಉತ್ಸಾಹದಲ್ಲಿ ಕಾಣಿಸದ ಬೆನ್ನುನೋವು ಎರಡನೆಯ ಮಧ್ಯಾಹ್ನ ಕಾಣಿಸಿಕೊಳ್ಳುತ್ತದೆ. ಹೋಗಿ ಬರುವ ಸುಮಾರು 1,630 ಕಿ.ಮೀ.ಗೆ ಅದೇ ಲೆಕ್ಕದಲ್ಲಿ ಒಬ್ಬರಿಗೆ 4,700 ರೂಪಾಯಿಯ ಪೆಟ್ರೋಲ್ ಸಾಕು. ಪುಸ್ತಕಕ್ಕಾಗಿ ಹೊರಟವರು 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾದ ಮುಂದೆ ಪಯಣ ಮುಗಿಸುವುದರಲ್ಲಿ ಒಂದು ಔಚಿತ್ಯವೂ ಇದೆ. ಸಾವಿರಾರು ಹಸ್ತಪ್ರತಿಗಳಿದ್ದ ಗ್ರಂಥಾಲಯಕ್ಕೆ ಆ ಮದರಸಾ ಒಂದು ಕಾಲದಲ್ಲಿ ಹೆಸರಾಗಿತ್ತು.

ಈ ದಾರಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವಾಗ ರೈಡಿಂಗ್ ಜಾಕೆಟ್ ತೊಟ್ಟು ಕೂರಲಾಗದು, ಜಾಕೆಟ್ ಇಲ್ಲದೆ ಓಡಿಸಲೂ ಬಾರದು. ಆದರೆ ಒಳ್ಳೆಯ ಕಾಲಕ್ಕೂ ಅದರದೇ ಅಪಾಯಗಳಿವೆ. ಅದು ಕಬ್ಬು ಕಡಿಯುವ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದೆ ಹೋಗುವ ಟ್ರ್ಯಾಕ್ಟರ್‌ಗಳು ಕತ್ತಲಾದ ಮೇಲೆ ಕಣ್ಣಿಗೆ ಬೀಳುವಷ್ಟರಲ್ಲಿ ಬಹಳ ಹತ್ತಿರವಾಗಿರುತ್ತವೆ. ಆದ್ದರಿಂದ ಸಂಜೆ ಐದೂವರೆಯೊಳಗೆ ಊರು ಸೇರುವುದನ್ನು ನಾನು ನಿಯಮವಾಗಿಯೇ ಇಟ್ಟುಕೊಂಡಿದ್ದೇನೆ. ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಬೆಳೆ ಇನ್ನೊಂದು ಅಪಾಯ. ಒಮ್ಮೆ ಹಿರಿಯೂರಿನಾಚೆ ಊರೊಳಗಿನ ರಸ್ತೆಗೆ ತಿರುಗಿದಾಗ ನನ್ನ ಮುಂದಿದ್ದ ಗೆಳೆಯ ಹುರುಳಿಯ ಹಾಸಿನ ಮೇಲೆ ಬ್ರೇಕ್ ಒತ್ತಿದ. ಒಣಗಿದ ಬಳ್ಳಿಯ ಕೆಳಗೆ ಉದುರಿದ್ದ ಕಾಳುಗಳು ಚಕ್ರದಡಿ ಗೋಲಿಗಳಂತೆ ಉರುಳಿ, ಬೈಕ್ ಅಡ್ಡ ಮಲಗಿ, ಕ್ಲಚ್ ಲಿವರ್ ಮುರಿಯಿತು. ಒಕ್ಕುತ್ತಿದ್ದ ತಾಯಿಯೊಬ್ಬರು ಓಡಿ ಬಂದು, ಅವನ ಮೊಣಕೈಯ ಗಾಯವನ್ನು ತಮ್ಮ ಕೊಡದ ನೀರಿನಲ್ಲಿ ತೊಳೆದರು. ಬೆಳೆಯ ಮೇಲೆ ಹೋಗಲೇಬೇಕಾದರೆ ಮೊದಲೇ ವೇಗ ತಗ್ಗಿಸಿ, ಬ್ರೇಕ್ ಮುಟ್ಟದೆ, ಬೈಕನ್ನು ನೇರವಾಗಿಟ್ಟು ದಾಟಬೇಕು.

ಹಿಂತಿರುಗಲು ಅದೇ ದಾರಿಯನ್ನೂ ಹಿಡಿಯಬಹುದು, ಜಹೀರಾಬಾದ್, ಹೈದರಾಬಾದ್ ಮೂಲಕ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಕರ್ನೂಲ್, ಅನಂತಪುರ ದಾಟಿಯೂ ಬರಬಹುದು. ಎರಡನೆಯದು ವೇಗದ ದಾರಿ. ಆದರೆ ಹೈದರಾಬಾದಿನ ಹೊರವರ್ತುಲ ರಸ್ತೆಯ ಮುಖ್ಯ ಪಥದಲ್ಲಿ ದ್ವಿಚಕ್ರಗಳಿಗೆ ಪ್ರವೇಶವಿಲ್ಲವಾದ್ದರಿಂದ ಸರ್ವಿಸ್ ರಸ್ತೆಗೆ ಸಮಯವನ್ನು ಮೊದಲೇ ಎತ್ತಿಡಬೇಕು. ಯಾವ ದಾರಿಯನ್ನೇ ಆರಿಸಿದರೂ ಇದನ್ನು ವಿಚಾರಿಸಿಕೊಳ್ಳಿ: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ನಿಷೇಧವಿದೆ, ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿಯೂ ಬಿಡುವುದಿಲ್ಲ.

ಗುಂಪನ್ನು ಹಿಡಿದಿಡುವ ಮೂರು ಪದ್ಧತಿಗಳು

ಹೊಸ ಸಂಘಟಕರು ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಮೊದಲ ಪದ್ಧತಿಯಲ್ಲಿ ಇಡೀ ತಂಡ ಒಂದೇ ಸಾಲು. ಮುಂದೆ ದಾರಿ ತೋರಿಸುವ ಲೀಡ್, ಕೊನೆಯಲ್ಲಿ ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವ ಸ್ವೀಪ್, ನಡುವಿನವರು ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ ಓರೆಯಾಗಿ. ಫೋಟೋದಲ್ಲಿ ಬಹಳ ಚಂದ. ಆದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ; ಅಕ್ಕಪಕ್ಕದ ಸಾಲಿನವರ ನಡುವೆ ಒಂದು ಸೆಕೆಂಡಿನ ಅಂತರವನ್ನಷ್ಟೇ ಬಿಟ್ಟರೂ ಇಪ್ಪತ್ತು ಬೈಕ್‌ಗಳ ಸಾಲು ಮುನ್ನೂರು ಮೀಟರ್ ಮೀರುತ್ತದೆ. ಎರಡೇ ಪಥದ ರಸ್ತೆಯಲ್ಲಿ ಅಷ್ಟುದ್ದದ ಸಾಲನ್ನು ಯಾವ ಬಸ್ಸೂ ಒಂದೇ ಬಾರಿಗೆ ಹಿಂದಿಕ್ಕಲಾರದು, ನಡುವೆ ನುಗ್ಗುತ್ತದೆ. ಆಗ ಹಿಂದುಳಿದವರು ಮುಂದಿನವರನ್ನು ಹಿಡಿಯಲು ಅವಸರಪಡುತ್ತಾರೆ. ಲೀಡ್ 60ರಲ್ಲಿ ಹೋಗುತ್ತಿರುವಾಗ ಸಾಲಿನ ತುದಿಯವರು 90ರಲ್ಲಿ ಹೋಗುತ್ತಿರುತ್ತಾರೆ, ಅಪಘಾತಗಳ ಮೂಲ ಅಲ್ಲಿದೆ.

ಎರಡನೆಯದು ಬಿಟ್ಟುಹೋಗುವ ಪದ್ಧತಿ. ತಿರುವು ಬಂದಾಗ ಲೀಡ್‌ನ ಹಿಂದಿನ ಸವಾರ ಅಲ್ಲಿ ನಿಂತು ಎಲ್ಲರಿಗೂ ದಾರಿ ತೋರಿಸಿ, ಸ್ವೀಪ್ ಬಂದ ಮೇಲೆ ಅವರ ಮುಂದೆ ಸೇರಿಕೊಳ್ಳುತ್ತಾರೆ. ಯಾರೂ ದಾರಿ ತಪ್ಪುವುದಿಲ್ಲ, ಯಾರೂ ಅವಸರಪಡಬೇಕಾಗಿಲ್ಲ. ಮಲೆನಾಡಿನ ಕವಲುದಾರಿಗಳಿಗೆ ಇದಕ್ಕಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ಹೆದ್ದಾರಿಯಲ್ಲಾದರೋ ಮೇಲ್ಸೇತುವೆಯ ಬುಡದಲ್ಲಿ, ಲಾರಿಗಳ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸುವುದು ತಪ್ಪು.

ಮೂರನೆಯದು ನಾಲ್ಕೈದು ಬೈಕ್‌ಗಳ ಕಿರುತಂಡಗಳು. ಪ್ರತಿ ಕಿರುತಂಡಕ್ಕೂ ತನ್ನದೇ ಲೀಡ್, ಸ್ವೀಪ್, ಒಂದು ಪಂಕ್ಚರ್ ಕಿಟ್, ಒಂದು ಪ್ರಥಮ ಚಿಕಿತ್ಸೆಯ ಚೀಲ. ಹತ್ತು ಹತ್ತು ನಿಮಿಷದ ಅಂತರದಲ್ಲಿ ಹೊರಟು, 70–80 ಕಿ.ಮೀ.ಗೊಮ್ಮೆ ಮೊದಲೇ ಗೊತ್ತುಮಾಡಿದ ಪೆಟ್ರೋಲ್ ಬಂಕ್‌ನಲ್ಲಿ ಸೇರುವುದು. ಬೀದರ್ ದಾರಿಗೆ ನಾನು ಇದನ್ನೇ ಹೇಳುವೆ. ಇದರಲ್ಲಿರುವ ಒಂದೇ ಕೊರತೆ, ಪ್ರತಿ ಕಿರುತಂಡಕ್ಕೂ ತಾಳ್ಮೆಯುಳ್ಳ ಲೀಡ್ ಬೇಕಾಗುವುದು. ತಂಡದಲ್ಲಿ ಅಂಥವರು ಮೂವರೇ ಇದ್ದರೆ ಸವಾರರ ಸಂಖ್ಯೆ ಹದಿನೈದಕ್ಕೆ ನಿಲ್ಲಬೇಕು. ಅತ್ಯಂತ ನಿಧಾನವಾಗಿ ಓಡಿಸುವವರನ್ನು ಲೀಡ್‌ನ ನೇರ ಹಿಂದೆ ಇರಿಸಿ. ಅವರ ವೇಗವೇ ಎಲ್ಲರ ವೇಗವಾಗಲಿ.

ಬೈಕ್ ಮತ್ತು ಬೆಂಬಲ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ 100 ಸಿಸಿಯ ಬೈಕ್ ಕೂಡ ಬೀದರ್ ಮುಟ್ಟುತ್ತದೆ, ಮೇಲಾಗಿ ಅದರ ಬಿಡಿಭಾಗ ಯಾವ ಹೋಬಳಿಯಲ್ಲೂ ಸಿಗುತ್ತದೆ. ದೊಡ್ಡ ಬೈಕ್‌ನಲ್ಲಿ ದಣಿವು ಕಡಿಮೆ, ಆದರೆ ಕೆಟ್ಟರೆ ಶೋರೂಮ್ ಇರುವ ಊರಿನವರೆಗೆ ಸಾಗಿಸಬೇಕಾದೀತು. ಹೆಚ್ಚು ಮುಖ್ಯವಾದ ವ್ಯತ್ಯಾಸ ಟೈರಿನದು: ಟ್ಯೂಬ್‌ಲೆಸ್ ಆದರೆ ರಸ್ತೆಯ ಬದಿಯಲ್ಲೇ ಹತ್ತು ನಿಮಿಷದಲ್ಲಿ ಪಂಕ್ಚರ್ ಹಾಕಿಕೊಳ್ಳಬಹುದು, ಸಾಮಾನ್ಯವಾಗಿ ಟ್ಯೂಬ್ ಇರುವ ಸ್ಪೋಕ್ ಚಕ್ರವಾದರೆ ಚಕ್ರವನ್ನೇ ಬಿಚ್ಚಬೇಕು. ಹೊಸ ಟೈರು, ಹೊಸ ಚೈನ್ ಹಾಕಿಸುವುದಿದ್ದರೆ ಹದಿನೈದು ದಿನ ಮೊದಲೇ ಹಾಕಿಸಿ ಓಡಿಸಿ ನೋಡಬೇಕು.

ಬ್ಯಾಕಪ್ ವಾಹನ ಬೇಕೇ ಎಂಬುದಕ್ಕೆ ಹತ್ತು ಬೈಕ್‌ಗಳಿಗಿಂತ ಹೆಚ್ಚಿದ್ದರೆ ಬೇಕು ಎನ್ನುವೆ. ಬಾಡಿಗೆ ಟೆಂಪೊಗಿಂತ ತಂಡದವರದೇ ಕಾರು ಅಗ್ಗ, ಆದರೆ ಅದರಲ್ಲಿ ಕೆಟ್ಟ ಬೈಕನ್ನು ಹೇರಲಾಗದು. ಪಿಕಪ್ ವಾಹನವಾದರೆ ಬೈಕನ್ನೂ ಹೊರುತ್ತದೆ, ಪುಸ್ತಕದ ಪೆಟ್ಟಿಗೆಗಳನ್ನೂ ಒಯ್ಯುತ್ತದೆ. ವಿಮೆಯ ವಿಷಯದಲ್ಲಿ, ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇರುವವರು ಹಿಂಬದಿ ಸವಾರರಿಗೆ ರಕ್ಷಣೆಯಿದೆ ಎಂದು ನಂಬಿಕೊಂಡು ಹೊರಡಬಾರದು. ಪ್ಯಾಕೇಜ್ (ಸಮಗ್ರ) ಪಾಲಿಸಿ ಇದೆಯೇ ಎಂದು ಎಲ್ಲರ ಕಾಗದಗಳನ್ನೂ ಸಂಘಟಕರು ನೋಡಬೇಕು. ತುರ್ತು ಸಂಖ್ಯೆ 112, ಆಂಬುಲೆನ್ಸ್‌ಗೆ 108, ಹೆದ್ದಾರಿ ಸಹಾಯಕ್ಕೆ 1033. ಈ ಮೂರನ್ನೂ ಪ್ರತಿಯೊಬ್ಬರ ರಕ್ತದ ಗುಂಪು ಮತ್ತು ಮನೆಯವರ ಸಂಖ್ಯೆಯ ಜೊತೆಗೆ ಒಂದು ಚೀಟಿಯಲ್ಲಿ ಬರೆದು ಜಾಕೆಟ್‌ನ ಎಡ ಜೇಬಿನಲ್ಲಿಡಿಸಿ.

ಹಣ ಯಾರ ಖಾತೆಗೆ

ಸಂಘಟಕರಲ್ಲೊಬ್ಬರ ಯುಪಿಐ ಸಂಖ್ಯೆಗೆ ಹಣ ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದು. ಎಷ್ಟೇ ಪ್ರಾಮಾಣಿಕರಾದರೂ ಆ ಹಣ ಅವರ ಸಂಬಳ, ಬಾಡಿಗೆ, ದಿನಸಿಗಳ ನಡುವೆ ಬೆರೆತುಹೋಗುತ್ತದೆ, ಕೊಟ್ಟವರಿಗೆ ಸರಿಯಾದ ರಸೀದಿಯೂ ಸಿಗುವುದಿಲ್ಲ. ಆನ್‌ಲೈನ್ ನಿಧಿಸಂಗ್ರಹ ತಾಣಗಳಲ್ಲಿ ಲೆಕ್ಕ ಎಲ್ಲರಿಗೂ ಕಾಣುತ್ತದೆ. ತಾಣದ ಶುಲ್ಕವೆಷ್ಟು ಎಂಬುದನ್ನು ಆರಂಭದಲ್ಲೇ ಓದಿಕೊಂಡು ಕೊಡುವವರಿಗೆ ತಿಳಿಸಬೇಕು. ನೋಂದಾಯಿತ ಟ್ರಸ್ಟ್‌ನೊಡನೆ ಸೇರಿ ನೇರವಾಗಿ ಅದರ ಖಾತೆಗೇ ಹಣ ಹೋಗುವಂತೆ ಮಾಡುವುದು ನನ್ನ ಆಯ್ಕೆ. 80ಜಿ ಮಾನ್ಯತೆಯುಳ್ಳ ಸಂಸ್ಥೆಯಾದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ರಿಯಾಯಿತಿಯೂ ದೊರೆಯುತ್ತದೆ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಮಾತ್ರ ಅದು ಸಿಗದು.

ವಿದೇಶಗಳಲ್ಲಿರುವ ಕನ್ನಡಿಗರು ಇಂಥ ಕೆಲಸಕ್ಕೆ ಮನಸಾರೆ ಕೊಡುತ್ತಾರೆ, ಅಲ್ಲಿ ಒಂದು ಎಚ್ಚರ ಬೇಕು. ಭಾರತದ ಪೌರತ್ವ ಉಳಿಸಿಕೊಂಡಿರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದನ್ನು ವಿದೇಶಿ ದೇಣಿಗೆ ಎಂದು ಎಣಿಸುವುದಿಲ್ಲ. ವಿದೇಶಿ ಪೌರತ್ವ ಪಡೆದವರು ಕೊಟ್ಟರೆ, ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಟ್ರಸ್ಟ್ ಅದನ್ನು ಪಡೆಯುವಂತಿಲ್ಲ. ಅಕ್ಕ ಅಮೆರಿಕದಿಂದ ಕಳಿಸಿದಳೆಂದು ತಮ್ಮನ ಖಾತೆಯ ಮೂಲಕ ತಿರುಗಿಸಿ ಹಾಕುವುದು ಟ್ರಸ್ಟ್‌ಗೇ ಕುತ್ತು ತಂದೀತು.

ಸವಾರಿಯ ಖರ್ಚನ್ನು ದೇಣಿಗೆಯಿಂದ ತೆಗೆಯಬಹುದೇ? ತೆಗೆಯಬಾರದು. ಪೆಟ್ರೋಲ್, ವಸತಿ, ಊಟ ಸವಾರರ ಜೇಬಿನಿಂದ. ಪಿಕಪ್‌ನ ಬಾಡಿಗೆಯನ್ನು ಎಲ್ಲರೂ ಹಂಚಿಕೊಳ್ಳಬೇಕು. ಪ್ರಾಯೋಜಕರು ಸಿಕ್ಕರೆ ಆ ಹಣ ಖರ್ಚಿಗೋ ಉದ್ದೇಶಕ್ಕೋ ಎಂಬುದನ್ನು ಅವರಿಂದಲೇ ಬರೆಸಿಕೊಳ್ಳಿ. ಐನೂರು ರೂಪಾಯಿ ಕೊಟ್ಟ ಪಕ್ಕದ ಮನೆಯ ನಿವೃತ್ತ ಮೇಷ್ಟರು ಅದು ಪುಸ್ತಕವಾಗುತ್ತದೆಂದು ನಂಬಿ ಕೊಟ್ಟಿರುತ್ತಾರೆ, ಅದರಲ್ಲಿ ನಮ್ಮ ಬಿರಿಯಾನಿಯ ಪಾಲು ಇರಕೂಡದು.

ಹಣವೋ ವಸ್ತುವೋ ಎಂಬ ಪ್ರಶ್ನೆಯೂ ಇದೆ. ಒಮ್ಮೆ ನಾವು ಮನೆಮನೆಯಿಂದ ಕೂಡಿಸಿದ ಹಳೆಯ ಪುಸ್ತಕಗಳನ್ನು ಪೆಟ್ಟಿಗೆಗಟ್ಟಲೆ ಒಯ್ದಿದ್ದೆವು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಹತ್ತು ವರ್ಷ ಹಿಂದಿನ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಗೈಡುಗಳು. ಮುಖ್ಯೋಪಾಧ್ಯಾಯಿನಿ ಒಂದು ಮಾತೂ ಆಡದೆ ಅವುಗಳನ್ನು ಬೇರೆಯಾಗಿ ಜೋಡಿಸಿಟ್ಟರು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪೆಟ್ಟಿಗೆಯ ತಳದವರೆಗೂ ಕೈಹಾಕಿ, ಕನ್ನಡದ ಒಂದು ಮಕ್ಕಳ ಕಥೆಯ ಪುಸ್ತಕವನ್ನು ಹುಡುಕಿ ತೆಗೆದು, ಅಲ್ಲೇ ಗೋಡೆಗೊರಗಿ ಕುಳಿತು ಓದತೊಡಗಿದಳು. ಅಂದಿನಿಂದ ನಾವು ಶಾಲೆಯಿಂದಲೇ ಪಟ್ಟಿ ತರಿಸಿಕೊಳ್ಳುತ್ತೇವೆ, ಹೊಸ ಪುಸ್ತಕಗಳನ್ನೇ ಕೊಳ್ಳುತ್ತೇವೆ, ಬೀಗವಿರುವ ಕಪಾಟಿಗಿಂತ ತೆರೆದ ಷೆಲ್ಫನ್ನೇ ಮಾಡಿಸುತ್ತೇವೆ.

ಹೊರಡುವ ವಾರ

ಕೊನೆಯ ಆಯ್ಕೆ ದಿನದ್ದು. ಕೆಲಸದವರ ಅನುಕೂಲಕ್ಕೆ ಶುಕ್ರವಾರ ಹೊರಟು ಭಾನುವಾರ ಮುಟ್ಟುವ ಯೋಜನೆ ಹೆಚ್ಚು ಜನಪ್ರಿಯ, ಆದರೆ ಭಾನುವಾರ ಶಾಲೆಯಲ್ಲಿ ಇರುವುದು ಬೀಗ. ರಜೆಯ ದಿನ ಮಕ್ಕಳನ್ನು ನಮಗಾಗಿ ಕರೆಸುವುದಕ್ಕಿಂತ ನಾವು ಒಂದೆರಡು ದಿನ ಹೆಚ್ಚು ರಜೆ ಹಾಕುವುದು ಸರಿ. ಬುಧವಾರ ನಸುಕಿನಲ್ಲಿ ಬೆಂಗಳೂರು ಬಿಟ್ಟರೆ ಶುಕ್ರವಾರ ಸಂಜೆಗೆ ಬೀದರ್. ಶನಿವಾರ ಬೆಳಗಿನ ತರಗತಿ ನಡೆಯುವ ಹೊತ್ತಿಗೆ ಶಾಲೆ. ಭಾನುವಾರ, ಸೋಮವಾರ ಹಿಂತಿರುಗುವ ಪಯಣ. ಶಾಲೆಯ ಗೇಟಿಗೆ ನೂರು ಮೀಟರ್ ಇರುವಾಗಲೇ ಎಂಜಿನ್ ಆರಿಸಿ, ಬೈಕ್‌ಗಳನ್ನು ತಳ್ಳಿಕೊಂಡು ಹೋಗಿ ಸಾಲಾಗಿ ನಿಲ್ಲಿಸಿ. ಒಳಗೆ ಪಾಠ ನಡೆಯುತ್ತಿರುತ್ತದೆ.